ಗಾಳಿ ಯಾವಾಗ ಏಳುತ್ತದೆ

ಅಣ್ಣಾ,

ಸೈನ್ಯದಿಂದ ವಾಪಸಾದವರ ಮನಸ್ಸಿನ ಕಾಯಿಲೆ ನೋಡಲು ಇವತ್ತು ಬಟ್ಟಂಬಾಂಗ್ ಪಟ್ಟಣದಿಂದ ಮಾಲಿಸ್ ಎಂಬ ನರ್ಸ್ ನಮ್ಮೂರಿಗೇ ಬಂದಿದ್ದಳು. ನಿನ್ನ ಜೊತೆ ಗಡಿಯಲ್ಲಿದ್ದ ಸವೂತಣ್ಣನನ್ನು ಕರೆದರೆ, "ನಂಗೇನ್ ಹುಚ್ಚು ಹಿಡಿದಿದ್ಯಾ? ಮೈಯಲ್ಲಿ ಗಾಳಿ ತುಂಬ್ಕೊಂಡಿದೆ ಅಷ್ಟೆ, ನಾಣ್ಯದಲ್ಲಿ ಬೆನ್ನುಜ್ಜಿದ್ರೆ ಇಳಿಯುತ್ತೆ," ಅಂದ. ನೀನೂ ಅದನ್ನೇ ಹೇಳುತ್ತಿದ್ದೆ.

ಅವಳು ವಾದಕ್ಕಿಳಿಯಲಿಲ್ಲ. "ಹಾಗಾದ್ರೆ ಅಂಗಿ ತೆಗೀರಿ ಮಾವ, ನಾನೇ ಉಜ್ತೀನಿ. ಅಕ್ಕ, ಒಂದು ನಾಣ್ಯ ಇದ್ಯಾ?"

ನಿನ್ನ ಬೆನ್ನಿಗೆ ಉಜ್ಜುತ್ತಿದ್ದ ನಾಣ್ಯವನ್ನೇ ಕೊಟ್ಟೆ. ಮುಲಾಮು ಹಚ್ಚಿ, ಕೆಂಪು ಗೆರೆ ಏಳುವಂತೆ ಎಳೆಯುತ್ತಾ ಮೆಲ್ಲಗೆ ಕೇಳಿದಳು, "ಈ ಗಾಳಿ ಯಾವಾಗ ಏಳುತ್ತೆ ಮಾವ?"

"ಯಾರಾದ್ರೂ ಮೋಟರ್‌ಬೈಕ್ ಸ್ಟಾರ್ಟ್ ಮಾಡಿದ್ರೆ, ಆ ಸದ್ದಿಗೆ."

ಅವಳು ಇನ್ನೊಂದು ಗೆರೆ ಎಳೆಯುವಷ್ಟರಲ್ಲಿ, ಗಡಿಯಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟ ಗೆಳೆಯನ ಹೆಸರು ಹೇಳಿದ. ನೀನು ನಿದ್ದೆಯಲ್ಲಿ ಕೂಗುತ್ತಿದ್ದ ಹೆಸರು. ಅದು ಯಾರದೆಂದು ನನಗೆ ಇವತ್ತು ಗೊತ್ತಾಯಿತು.

ಅಷ್ಟು ವರ್ಷ ನಾನೂ ನಿನ್ನ ಬೆನ್ನು ಉಜ್ಜಿದೆ. ನಿನ್ನ ದೇಹವನ್ನು ನದಿಯಿಂದ ಎತ್ತಿ ತಂದಾಗಲೂ ಆ ಗೆರೆಗಳು ಮಾಸಿರಲಿಲ್ಲ.

ಹೊರಡುವಾಗ ಮಾಲಿಸ್, "ಮುಂದಿನ ವಾರ ಇನ್ನೂ ಕೆಲವ್ರು ಬರ್ತಾರಂತೆ ಅಕ್ಕ, ಎಲ್ಲಿ ಕೂರಿಸೋಣ?" ಅಂದಳು.

ಕಂಬಗಳ ಮೇಲೆ ನಿಂತ ನಮ್ಮ ಮನೆಯ ಕೆಳಗೆ ನೆರಳಿದೆ, ಅಲ್ಲೇ ಕೂರಲಿ ಅಂದೆ. ನಿನ್ನ ಬಿದಿರು ಮಂಚವನ್ನು ಈಗಷ್ಟೇ ಒರೆಸಿಟ್ಟೆ.

ನಿನ್ನ ತಂಗಿ