ಗಾಳಿ ಎಂದಿನಂತೆ

ಹದಿಮೂರನೇ ತಿಂಗಳು, ನಾಲ್ಕನೇ ತಾರೀಖು, ೨೧೬೯
ರೂಮ್ ನಂಬರ್ ೩೧, ಹೆಣ್ಣುಮಕ್ಕಳ ಹಾಸ್ಟೆಲ್, ದಾವಣಗೆರೆ

ಮೇದಿನಿ ಅಜ್ಜಿಯವರಿಗೆ ನಮಸ್ಕಾರ.

ಮೊದಲು ಸಾರಿ. ಹೇಳದೆ ಕೇಳದೆ ನಿಮಗೆ ಹೀಗೆ ಬರೆಯಬಾರದಿತ್ತು. ನಿಮಗಿನ್ನೂ ಇಪ್ಪತ್ತೊಂದು ವರ್ಷ, ಅಜ್ಜಿ ಅನ್ನುತ್ತಿರುವುದಕ್ಕೆ ಇನ್ನೊಂದು ಸಾರಿ. ನಾನು ಹಂಸಿನಿ, ಫಸ್ಟ್ ಇಯರ್. ನೀವು ನನ್ನ ಮುತ್ತಜ್ಜಿಯ ಅಜ್ಜಿ. ಆರನೇ ವಯಸ್ಸಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದಿದ್ದರಿಂದ ನನ್ನ ಕನ್ನಡ ಅರ್ಧ ಇಂಗ್ಲಿಷ್, ನಡುವೆ ನಿಮ್ಮ ಕಾಲದಲ್ಲಿಲ್ಲದ ಪದಗಳೂ ನುಸುಳುತ್ತವೆ. ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.

ಮೇಲಿನ ತಾರೀಖು ತಪ್ಪಲ್ಲ. ಸೆಕೆ ವಿಪರೀತವಾದ ಮೇಲೆ ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಿತ್ತು ಬೇಸಿಗೆಯ ನಡುವೆ ಒಂದು ಹೊಸ ತಿಂಗಳು ಮಾಡಿದರು, ಬಿಸಿತಿಂಗಳು ಅನ್ನುತ್ತೇವೆ. ಆ ತಿಂಗಳಲ್ಲಿ ಹಗಲು ಯಾರೂ ಹೊರಗೆ ಕಾಲಿಡುವಂತಿಲ್ಲ. ಮೆಸ್‌ನಲ್ಲಿ ಒಲೆ ಹಚ್ಚುವುದಿಲ್ಲ, ಮೂರು ಹೊತ್ತೂ ಮೊಸರವಲಕ್ಕಿ. ಟೆನಿಸ್ ಪ್ರಾಕ್ಟೀಸ್ ಹಾಸ್ಟೆಲ್ ಕಾರಿಡಾರ್‌ನಲ್ಲೇ. ಈ ಕಾಗದ ನಿಮಗೆ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬ ವಿದ್ಯಾರ್ಥಿಗೆ ಓದು ಮುಗಿಯುವವರೆಗೆ ಒಂದೇ ಕಾಗದ, ಅದೂ ಸ್ವಂತ ಕುಟುಂಬಕ್ಕೆ ಮಾತ್ರ. ನಿಮ್ಮ ಸಾಫ್ಟ್ ಟೆನಿಸ್ ಕ್ವಾರ್ಟರ್‌ಫೈನಲ್ ಏನಾಯಿತು ಅಂತ ನನಗೆ ಗೊತ್ತು, ಹೇಳಲು ನಿಯಮ ಬಿಡುವುದಿಲ್ಲ. ಬೇಜಾರಾಗಬೇಡಿ.

ವಿಷಯ ಏನೆಂದರೆ, ಈ ಸಲದ ಏಷ್ಯಾದ ಕ್ರೀಡಾಕೂಟ ಕಾರವಾರದಾಚೆಯ ತೇಲೂರಿನಲ್ಲಿ, ಅಂದರೆ ಸಮುದ್ರದ ಮೇಲೆ ಕಟ್ಟಿದ ಪಟ್ಟಣದಲ್ಲಿ, ಆಟವೆಲ್ಲ ರಾತ್ರಿ. ಎಪ್ಪತ್ತು ವರ್ಷ ನಿಂತಿದ್ದ ಸಾಫ್ಟ್ ಟೆನಿಸ್ ಅಲ್ಲಿ ಮತ್ತೆ ಶುರುವಾಗುತ್ತಿದೆ. ನೀವು ಆಡುತ್ತಿದ್ದ ಹಾಗೆಯೇ ಆಡಬೇಕು, ಬಿಳಿ ರಬ್ಬರ್ ಚೆಂಡಿಗೆ ಆಟಗಾರರೇ ಕೈಪಂಪಿನಿಂದ ಗಾಳಿ ತುಂಬಬೇಕು. ಅಂಪೈರ್ ಎದುರಿಗೆ ಒಂದೇ ಸಲ ಸೂಜಿ ಚುಚ್ಚಬಹುದು. ಆಮೇಲೆ ಅವರು ಭುಜದೆತ್ತರದಿಂದ ಚೆಂಡು ಬಿಡುತ್ತಾರೆ, ಅದು ತೊಡೆಯ ಮಟ್ಟಕ್ಕೆ ಪುಟಿಯಬೇಕು. ಹೆಚ್ಚು ಕಡಿಮೆಯಾದರೆ ಆ ಜೋಡಿ ಆಡದೆಯೇ ವಾಪಸ್. ನಮ್ಮಲ್ಲಿ ಎಲ್ಲ ಚೆಂಡುಗಳೂ ಕಲ್ಲಿನ ಹಾಗೆ ಗಟ್ಟಿ, ಮೆಷಿನ್ನಿನಲ್ಲೇ ಮುಚ್ಚಿ ಬರುತ್ತವೆ. ಗಾಳಿ ತುಂಬಿದ ಕೈ ಒಂದೂ ಉಳಿದಿಲ್ಲ.

ಸೆಲೆಕ್ಷನ್ ದಿನ ಕೋಚ್ ಓಬಣ್ಣ ಸರ್ ಇದನ್ನು ಯಾರು ಬಲ್ಲಿರಿ ಅಂತ ಕೇಳಿದಾಗ ನಾನು ಕೈ ಎತ್ತಿದೆ. ನಮ್ಮ ಮನೆತನದಲ್ಲೇ ಬಂದದ್ದು ಸರ್, ಅಂದುಬಿಟ್ಟೆ. ಮನೆಯಲ್ಲಿ ನಾನು ಇದ್ದದ್ದೇ ರಜದಲ್ಲಿ, ನನಗೆ ಬಂದದ್ದು ನಿಮ್ಮ ಪೆಟ್ಟಿಗೆ ಮಾತ್ರ: ಒಂದು ಕೈಪಂಪು, ಒಂದು ನೋಟ್‌ಬುಕ್. ಅಷ್ಟಕ್ಕೇ ಜೋಡಿಯಲ್ಲಿ ಜಾಗ ಸಿಕ್ಕಿತು. ನನ್ನ ಜೋಡಿ ತಬಸ್ಸುಮ್ ಅಕ್ಕ, ಫೈನಲ್ ಇಯರ್, ಅವರಿಗಿದು ಕೊನೆಯ ಅವಕಾಶ. ಮೂರು ವರ್ಷದಿಂದ ಬೆಳಿಗ್ಗೆ ನಾಲ್ಕಕ್ಕೆ ಎದ್ದು ನೆಟ್ ಹತ್ತಿರದ ಹೊಡೆತ ಒಂದನ್ನೇ ತಿದ್ದುತ್ತಿದ್ದಾರೆ. ಅವತ್ತು ನನ್ನ ತಲೆ ಮೇಲೆ ಮೊಟಕಿ ಹೇಳಿದರು, "ಲೇ ಮೊಸರವಲಕ್ಕಿ, ಗಾಳಿ ನಿಂದು, ಆಟ ನಂದು. ನೀನು ಅದೊಂದು ಕೆಲಸ ಮಾಡು, ಸಾಕು."

ದೇಶಕ್ಕೆ ಎರಡೇ ಚೆಂಡು ಕೊಟ್ಟಿದ್ದರು, ರಬ್ಬರ್ ಈಗ ಎಲ್ಲೂ ಬೆಳೆಯುವುದಿಲ್ಲ. ಮೊನ್ನೆ ಬಚ್ಚಲಿನ ಬಾಗಿಲು ಹಾಕಿಕೊಂಡು ಮೊದಲನೆಯದಕ್ಕೆ ಗಾಳಿ ಹೊಡೆದೆ. ನಮ್ಮ ಚೆಂಡಿನಷ್ಟು ಗಟ್ಟಿಯಾಗಲಿ ಅಂತ ಹೊಡೆಯುತ್ತಲೇ ಹೋದೆ. ಅದು ನನ್ನ ಕೈಯಲ್ಲೇ ಒಡೆಯಿತು. ಚೂರುಗಳನ್ನು ಕಂಪಾಸ್ ಬಾಕ್ಸಿನಲ್ಲಿ ಬಚ್ಚಿಟ್ಟಿದ್ದೇನೆ, ಅಕ್ಕನಿಗೆ ಹೇಳಿಲ್ಲ. ನಿನ್ನೆ ಅವರು ಚೆಂಡು ಹೇಗಿದೆಯೇ ಅಂತ ಕೇಳಿದರು, ಚೆನ್ನಾಗಿದೆ ಅಕ್ಕ ಅಂದೆ. ಉಳಿದ ಒಂದನ್ನು ಮುಟ್ಟಲು ಭಯ. ಅದರ ಸೂಜಿತೂತು ಸಡಿಲವಾಗಿದೆ, ಇನ್ನೊಂದೇ ಸಲ ತಡೆಯುತ್ತದೆ ಅಂತ ಜೊತೆಗೆ ಬಂದ ಚೀಟಿಯಲ್ಲಿ ಬರೆದಿದ್ದಾರೆ. ಆ ಒಂದು ಸಲ ಅಂಪೈರ್ ಎದುರಿಗೆ ಬೇಕು.

ನಿಮ್ಮ ನೋಟ್‌ಬುಕ್ಕನ್ನು ಹನ್ನೊಂದು ಸಲ ಓದಿದ್ದೇನೆ. ಎಷ್ಟು ಇಡ್ಲಿ ತಿಂದಿರಿ, ಯಾವ ಶೂ ಕಚ್ಚಿತು, ಎಲ್ಲ ಇದೆ. ಟಾಸ್ ಬದಲು ಕಲ್ಲು-ಕಾಗದ-ಕತ್ತರಿ ಆಡುವಾಗ ನಿಮ್ಮ ಜೋಡಿ ಜೆಸಿಂತಾ ಪ್ರತಿ ಸಲ ಕಲ್ಲನ್ನೇ ತೋರಿಸಿ ಸೋತದ್ದು, ನೀವು ಬೈದದ್ದು, "ನಿನಗೆ ಬೇರೆ ಬೆರಳೇ ಇಲ್ವಾ ಮಾರಾಯ್ತಿ" ಅಂದದ್ದು, ಓದಿ ನಗು ಬಂತು. ಆದರೆ ಚೆಂಡಿನ ಜಾಗದಲ್ಲಿ ಪ್ರತಿ ಪುಟದಲ್ಲೂ ಎರಡೇ ಪದ: ಗಾಳಿ ಎಂದಿನಂತೆ. ಕ್ವಾರ್ಟರ್‌ಫೈನಲ್ ಬೆಳಗಿನ ಪುಟದಲ್ಲೂ ಅಷ್ಟೇ. ಅದರ ನಂತರ ನೀವು ಆ ನೋಟ್‌ಬುಕ್‌ನಲ್ಲಿ ಏನೂ ಬರೆದಿಲ್ಲ.

ಎಂದಿನಂತೆ ಅಂದರೆ ಎಷ್ಟು ಅಜ್ಜಿ? ನಿಮಗೆಲ್ಲ ಗೊತ್ತಿತ್ತು, ಅದಕ್ಕೇ ಯಾರೂ ಬರೆಯಲಿಲ್ಲ. ಎಷ್ಟು ಸಲ ಪಂಪು ಒತ್ತುತ್ತಿದ್ದಿರಿ? ಹೆಬ್ಬೆರಳಿನಿಂದ ಅದುಮಿದರೆ ಎಷ್ಟು ತಗ್ಗಬೇಕು? ಯಾವುದರ ಹಾಗೆ ಮೆತ್ತಗಿರಬೇಕು, ಹಣ್ಣಾದ ಟೊಮೆಟೊ ಹಾಗೋ, ಕೆನ್ನೆ ಹಾಗೋ? ನಿಮಗೆ ಹೇಗೆ ತೋಚುತ್ತದೋ ಹಾಗೇ ಬರೆಯಿರಿ, ನನ್ನ ಕೈಗೆ ಅರ್ಥವಾದರೆ ಸಾಕು.

ಅಕ್ಕನಿಗೆ ಈ ಸಂಜೆ ನಿಜ ಹೇಳುತ್ತೇನೆ. ಬೈಯಲಿ, ಹೊಡೆಯಲಿ. ಆದರೆ ನನ್ನ ಸುಳ್ಳಿಗೆ ಅವರು ಆಡದೆ ವಾಪಸ್ ಬರಬಾರದು.

ಈ ಕಾಗದ ನಿಮಗೆ ಕ್ವಾರ್ಟರ್‌ಫೈನಲ್ ಬೆಳಿಗ್ಗೆ ಸಿಗುತ್ತದೆ. ಹಿಂದಂಚೆಯಲ್ಲಿ ಉತ್ತರ ಬರುವುದಿಲ್ಲ. ಆ ಎರಡು ಪದದ ಕೆಳಗೆ ನಾಲ್ಕು ಬೆರಳಗಲ ಜಾಗ ಖಾಲಿಯಿದೆ, ಅಲ್ಲಿ ಬರೆದರೆ ನನಗೆ ಕಾಣುತ್ತದೆ. ಪುಟ ತೆರೆದಿಟ್ಟುಕೊಂಡು ಕೂತಿದ್ದೇನೆ, ಇನ್ನೂ ಖಾಲಿಯೇ ಇದೆ. ನಮ್ಮ ಮ್ಯಾಚಿಗೆ ಎಂಟೇ ದಿನ. ನೀವು ಕೋರ್ಟಿಗೆ ಇಳಿಯುವ ಮೊದಲು, ದಯವಿಟ್ಟು, ಬೇಗ ಉತ್ತರ ಬರೆಯಿರಿ.

ನಿಮ್ಮ
ಹಂಸಿನಿ