ನಿನ್ನ ಮಗಳ ಹೆಸರಿನ ಜೀರುಂಡೆ

ಗೆಳೆಯಾ,

ಸತ್ತವರ ವಿಳಾಸ ಯಾವ ಅಂಚೆಯವನಿಗೂ ಗೊತ್ತಿಲ್ಲ. ಆದರೂ ಈ ಸುದ್ದಿಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ? ನೀನಿಟ್ಟ ಹೆಸರು ರದ್ದಾಯಿತು. ರದ್ದು ಮಾಡಿಸಿದವಳು ನಾನೇ.

ಕೆಸರಿನಲ್ಲಿ ಮೊಣಕಾಲೂರಿ ಆ ಜೀರುಂಡೆಯನ್ನು ಹಿಡಿದವಳು ನಾನು. ಹೊಸ ಪ್ರಭೇದವೆಂದು ಒಬ್ಬನೇ ಲೇಖನ ಬರೆದು, ಅದಕ್ಕೆ ನಿನ್ನ ಮಗಳ ಹೆಸರಿಟ್ಟವನು ನೀನು. ಅಂದಿನಿಂದ ಹಲ್ಲು ಕಚ್ಚಿಕೊಂಡು ಕಾದೆ. ಕೊನೆಗೆ ಸೂಕ್ಷ್ಮದರ್ಶಕದಡಿ ನೀನು ಸಿಕ್ಕಿಬಿದ್ದೆ ನೋಡು. ಅದು ಹೊಸದೇ ಅಲ್ಲ, ಎಂದೋ ಹೆಸರು ಪಡೆದಿದ್ದ ಜೀರುಂಡೆಯ ಹೆಣ್ಣು. ಗಂಡಿಗೆ ಕೊಂಬಿದೆ, ಹೆಣ್ಣಿಗಿಲ್ಲ. ನೀನು ಮೋಸಹೋದದ್ದು ಅಷ್ಟಕ್ಕೇ. ಒಂದೇ ಜೀವಿಗೆ ಎರಡು ಹೆಸರು ಬಿದ್ದರೆ ಮೊದಲಿನದೇ ಉಳಿಯಬೇಕು. ಹಾಗೆಂದು ನಾನು ಬರೆದದ್ದು ಅಚ್ಚಾಗಿದೆ.

ಇವತ್ತು ನಿನ್ನ ಮಗಳು ಮ್ಯೂಸಿಯಂಗೆ ಬಂದಿದ್ದಳು.

"ನನ್ನ ಹೆಸರಿನ ಹುಳ ತೋರಿಸ್ತೀರಾ ಆಂಟಿ?" ಎಂದಳು.

ಪೆಟ್ಟಿಗೆ ತೆರೆದು, ಹೊಸ ಚೀಟಿ ತೋರಿಸಿ, ಏನನ್ನೂ ಬಿಡದೆ ಹೇಳಿದೆ. ನನ್ನ ಹೊಟ್ಟೆ ತಣ್ಣಗಾಯಿತು.

ಅವಳು ಅಳಲಿಲ್ಲ. "ಅದನ್ನ ಹಿಡಿದಿದ್ದು ನೀವೇ ಅಲ್ವಾ? ಅಪ್ಪ ಊಟಕ್ಕೆ ಕೂತಾಗೆಲ್ಲ ಹೇಳ್ತಿದ್ರು, ನನಗಿಂತ ಅವಳ ಕಣ್ಣೇ ಚುರುಕು ಅಂತ."

ಮನೆಯಲ್ಲಿ ಅಷ್ಟು ಆಡುತ್ತಿದ್ದ ಬಾಯಿ ಅಚ್ಚಿನಲ್ಲಿ ಯಾಕೆ ಕಟ್ಟಿಹೋಯಿತೋ ಪುಣ್ಯಾತ್ಮ? ಒಂದೇ ಒಂದು ಸಾಲು ಬರೆದಿದ್ದರೆ ನಾನು ಆ ಪೆಟ್ಟಿಗೆಯನ್ನು ಮುಟ್ಟುತ್ತಲೂ ಇರಲಿಲ್ಲ.

ಹೊರಡುವಾಗ ಕೇಳಿದಳು: "ಈಗಲಾದ್ರೂ ಅಪ್ಪನ ಮೇಲಿನ ಸಿಟ್ಟು ಇಳೀತಾ?"

"ಇಲ್ಲಮ್ಮ" ಎಂದೆ.

ನನ್ನ ಲೇಖನ ಓದಿ ಜಗಳಕ್ಕೆ ಬರಲು ನೀನಿರಬೇಕಿತ್ತು ಕಣೋ.