ಹೊಂಗೆ ಮರದವರೆಗೆ

ಪಣಕಹಳ್ಳಿ
6 ಅಕ್ಟೋಬರ್ 2024, ಭಾನುವಾರ

ಪ್ರೀತಿಯ ಶೈಲಾ,

ನೀನು, ನಿನ್ನ ಯಜಮಾನರು, ನಿಮ್ಮತ್ತೆ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಎಷ್ಟೋ ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ. ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು ಏನಾದರೂ ತಮಾಷೆ ಮಾಡುತ್ತೀಯ, ನಾನು ನಗುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಕಾಗದ. ಡಬ್ಬಿಗೆ ಹಾಕಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ.

ಮೊದಲು ಒಳ್ಳೆಯ ಸುದ್ದಿ. ನಾನು ನಡೆಯುತ್ತಿದ್ದೇನೆ. ಏಪ್ರಿಲಿನಲ್ಲಿ ಗಾಡಿ ಮಗುಚಿದ್ದು ನಿನಗೆ ಗೊತ್ತು. ಕೂಲಿಗೆ ಹೋಗಿ ಕೋಸು ಕಿತ್ತು ಬರುವಾಗ ಮೂಟೆಗಳ ಮೇಲೆಯೇ ನಮ್ಮನ್ನು ಕೂರಿಸಿದ್ದರು. ಮೂಟೆಗಳಿಗೆ ಹಗ್ಗ ಬಿಗಿದಿದ್ದರು, ನಮಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಬಲ ಮೊಣಕಾಲ ಕೆಳಗಿನ ಮೂಳೆಗೆ ಈಗ ರಾಡು ಹಾಕಿದ್ದಾರೆ. ಚಳಿ ಹೆಚ್ಚಾದ ಬೆಳಿಗ್ಗೆ ಅದು ತಾನಿದ್ದೇನೆಂದು ಹೇಳುತ್ತದೆ.

ಮಲಗಿದ್ದಲ್ಲೇ ನನ್ನ ಕರಪತ್ರಗಳನ್ನೆಲ್ಲ ಮತ್ತೆ ಓದಿದೆ. ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಕೂಲಿಕಾರರ ಸಭೆಯವರು ಹಂಚುತ್ತಿದ್ದರಲ್ಲ, ನೀನು ಕಡಲೆಕಾಯಿ ಕಟ್ಟಿಕೊಳ್ಳಲು ಕೇಳುತ್ತಿದ್ದೆ, ಅವೇ. ಒಂದರಲ್ಲಿ ‘ದುಡಿಯುವವರ ಮೈ ದುಡಿಸಿಕೊಳ್ಳುವವರ ಸೊತ್ತಲ್ಲ’ ಎಂದಿದೆ. ಅದನ್ನು ಗೋಡೆಗೆ ಅಂಟಿಸಿದೆ. ಮೈ ನನ್ನದಾದರೆ ಅದನ್ನು ಎಬ್ಬಿಸಿ ನಿಲ್ಲಿಸುವ ಕೆಲಸವೂ ನನ್ನದೇ, ಅಲ್ಲವೇ?

ನಮ್ಮ ಬಾಗಿಲಿಂದ ರಸ್ತೆಯ ಹೊಂಗೆ ಮರದವರೆಗೆ ನಡೆಯಬೇಕೆಂಬುದು ಮೊದಲ ಗುರಿ. ಗೋಡೆ ಹಿಡಿದು, ಬೇಲಿ ಹಿಡಿದು, ಆಮೇಲೆ ಏನನ್ನೂ ಹಿಡಿಯದೆ. ದಿನವೂ ಅಲ್ಲಿಗೆ ಹೋಗಿ ಮರವನ್ನು ಮುಟ್ಟಿ ಹಿಂದಿರುಗುತ್ತಿದ್ದೆ. ಅವ್ವ ನೋಡಿ ನೋಡಿ ಕೇಳಿದಳು: “ಅದೇನಮ್ಮಿ, ಆ ಮರದತ್ರ ಏನ್ ಊತಿಟ್ಟಿದ್ದಿಯೆ?”

ಮರ ಮುಟ್ಟಿದ ಮೇಲೆ ದುರಾಸೆ ಬಂತು, ಮತ್ತೆ ಕೋಲು ಹಿಡಿದು ಆಡಬೇಕೆಂದು. ‘ದುರ್ಬಲತೆ ಒಂದು ಅಭ್ಯಾಸ, ಅದನ್ನು ಮುರಿಯಿರಿ’ ಎಂದು ಇನ್ನೊಂದು ಕರಪತ್ರದಲ್ಲಿದೆ. ರಾಗಿ ಚೀಲ ಹೆಗಲಿಗೇರಿಸಿಕೊಂಡು ದಿಬ್ಬ ಹತ್ತಿಬಿಟ್ಟೆ. ಸಂಜೆಗೆ ಮೊಣಕಾಲು ಹಲಸಿನಕಾಯಿಯಾಗಿತ್ತು. ಅವ್ವ ಹರಳೆಣ್ಣೆ ಹಚ್ಚುತ್ತ ಬೈದದ್ದು ಇಡೀ ಬೀದಿಗೆ ಕೇಳಿಸಿತು: “ಕಾಲ್ ಮುರ್ಕಂಡ್ ಬಿದ್ದಿದ್ದೋಳು ಈಗ ದೊಣ್ಣೆ ಇಡ್ಕಂಡು ಯಾರ್ಗ್ ಒಡಿಯಕ್ ಓದಿಯೆ? ಆ ಕಾಗ್ದ ಬರ್ದೋನ್ನ ಕರಿ, ಅವ್ನೇ ಬಂದು ಎಣ್ಣೆ ತಿಕ್ಲಿ!”

ಕಳೆದ ಭಾನುವಾರ ತಾಳವಾಡಿಗೆ ಹೋಗಿ ಮುರುಗನ್ ಮಾಸ್ಟರನ್ನು ನೋಡಿದೆ. ಶಾಲೆಯ ಮೈದಾನದಲ್ಲಿ ಸಿಲಂಬದ ದೊಣ್ಣೆವರಸೆ ತರಗತಿ ನಡೆದೇ ಇದೆ, ಹೊಸ ಹುಡುಗಿಯರು ತುಂಬ ಸೇರಿದ್ದಾರೆ. ನನ್ನ ಕೋಲನ್ನು ಮಾಸ್ಟರ್ ಎಣ್ಣೆ ಸವರಿ ಜೋಪಾನವಾಗಿ ಇಟ್ಟಿದ್ದರು. ಕೈ ಚಾಚಿದರೆ ಕೊಡಲಿಲ್ಲ.

“ರಾಗಿ ಮೂಟೆ ಕತೆ ನಿಮ್ಮಮ್ಮ ಸಂತೇಲಿ ಹೇಳಿದ್ರು. ಬುಕ್ಕು ಓದಿದ್ರೆ ಮೊಣಕಾಲು ಬಗ್ಗುತ್ತಾ?” ಎಂದರು. “ಮೊದ್ಲು ಹೆಜ್ಜೆ. ಕಂಬು ಅಪ್ಪುರಂ.” ಕೋಲು ಆಮೇಲೆ ಎಂದು. ಬರಿಗೈಯಲ್ಲಿ ಇಡೀ ಸಂಜೆ ಹೆಜ್ಜೆ ಹಾಕಿಸಿದರು. ಬಲಗಾಲಿನ ಮೇಲೆ ತಿರುಗುವಾಗ ಒಮ್ಮೆ ಬಿದ್ದೆ. ಯಾರೂ ಎತ್ತಲು ಬರಲಿಲ್ಲ, ಮಾಸ್ಟರ್ ಬರಗೊಡಲಿಲ್ಲ. ಎದ್ದು ಮತ್ತೆ ತಿರುಗಿದೆ. ಆಗ ಅವರ ಮುಖ ಸಡಿಲವಾಯಿತು.

ಅವರ ಕಟ್ಟಳೆ ನಿನಗೆ ಗೊತ್ತೇ ಇದೆ. ಬಿಟ್ಟು ಹೋದವರು ಮರಳಿ ಸೇರಬೇಕಾದರೆ ತಮ್ಮ ಹಳೆಯ ಜೋಡಿಯ ಎದುರು ಒಂದು ಸುತ್ತು ನಿಲ್ಲಬೇಕು. ಹೊಡೆಯುವಂತಿಲ್ಲ, ಬರೀ ತಡೆಯಬೇಕು. ಹೊಸ ಹುಡುಗಿಯರಲ್ಲಿ ಯಾರಾದರೂ ನಿಲ್ಲಲಿ ಎಂದು ಕೇಳಿಕೊಂಡೆ. “ಅವ್ರು ನಿನ್ ಕಾಲು ನೋಡಿ ಮೆತ್ಗೆ ಬೀಸ್ತಾರೆ. ಶೈಲಾ ಹಂಗಲ್ಲ. ದೀಪಾವಳಿಗೆ ಬರ್ತಾಳಲ್ಲ, ಕರಿ” ಎಂದರು. ನವೆಂಬರಿನಲ್ಲಿ ಈರೋಡಿನಲ್ಲಿ ಜಿಲ್ಲೆಯ ತಂಡಕ್ಕೆ ಆಯ್ಕೆ. ಅಷ್ಟರಲ್ಲಿ ಸೇರದಿದ್ದರೆ ಈ ವರ್ಷ ಕೈತಪ್ಪುತ್ತದೆ, ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತದೆ.

ಹಾಗಾಗಿ ನಿನ್ನನ್ನು ಕೇಳದೆ ವಿಧಿಯಿಲ್ಲ. ನೀನೂ ಮಾತು ಕೊಟ್ಟಿದ್ದೆ. ಮೇ ತಿಂಗಳಲ್ಲಿ ನೋಡಲು ಬಂದಾಗ “ಬೇಗ ವಾಸಿ ಮಾಡ್ಕೊ ಸುಧಾ, ನಿನ್ನೆದ್ರು ನಿಂತ್ಕಳಕ್ ನಾನೇ ಬತ್ತೀನಿ” ಎಂದಿದ್ದೆ.

ಬೂದಿಯ ನೆನಪಿದೆಯೇ? ಕೋಲಿನ ತುದಿಗೆ ಒದ್ದೆ ಬಟ್ಟೆ ಸುತ್ತಿ, ಒಲೆಯ ಬೂದಿಯಲ್ಲಿ ಅದ್ದಿ ಮಾಸ್ಟರ್ ಆಡಿಸುತ್ತಿದ್ದರು. ಏಟು ತಾಗಿದ ಕಡೆ ಕಪ್ಪು ಅಂಗಿಯ ಮೇಲೆ ಗುರುತು ಬೀಳುತ್ತಿತ್ತು, ಸುಳ್ಳು ಹೇಳಲು ಬರುತ್ತಿರಲಿಲ್ಲ. ಇಬ್ಬರೂ ನಮ್ಮ ನಮ್ಮ ಮನೆಯಿಂದ ಬೂದಿ ಕಟ್ಟಿಕೊಂಡು ಬರುತ್ತಿದ್ದೆವು. ಸಂಜೆ ಮುಗಿಸುವಾಗ ನಿಮ್ಮ ಒಲೆಯ ಬೂದಿ ನನ್ನ ಬೆನ್ನ ಮೇಲೆ, ನಮ್ಮ ಒಲೆಯದು ನಿನ್ನ ಹೆಗಲ ಮೇಲೆ. ನೀನು ಅದನ್ನು ಶಾಲೆಯ ನಲ್ಲಿಯಲ್ಲಿ ಉಜ್ಜಿ ತೊಳೆದುಕೊಂಡೇ ಬಸ್ ಹತ್ತುತ್ತಿದ್ದೆ. “ಅಜ್ಜಿ ಬಯ್ತದೆ ಕಣಮ್ಮಿ” ಎನ್ನುತ್ತಿದ್ದೆ. ನಾನು ಹಾಗೇ ಮನೆಗೆ ಬರುತ್ತಿದ್ದೆ, ಬೀದಿಯವರೆಲ್ಲ ನೋಡಲಿ ಎಂದು. ಕರಪತ್ರಗಳಲ್ಲಿ ಓದಿದ ಸಮಾನತೆಯನ್ನು ನಾನು ಕಣ್ಣಾರೆ ಕಂಡದ್ದು ಆ ಮೈದಾನದಲ್ಲೇ.

ನಿನ್ನ ಹೊಸ ಮನೆಯಲ್ಲಿ ನಿನಗೆ ಗೌರವ ಸಿಗಲಿ, ತೋಳಿನ ಬಲ ಹಾಗೇ ಉಳಿಯಲಿ. ಯಾವತ್ತೂ ಯಾರಿಗೂ ತಲೆ ತಗ್ಗಿಸುವ ಹಾಗೆ ಆಗದಿರಲಿ. ನಿಮ್ಮತ್ತೆಗೆ ನಮಸ್ಕಾರ ತಿಳಿಸು. ಅವ್ವ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ ಜೋಡಿ,
ಸುಧಾಮಣಿ

ಮತ್ತೊಂದು ಮಾತು. ಇದು ಮರೆತು ಉಳಿದದ್ದಲ್ಲ, ಮೇಲಿನದನ್ನೆಲ್ಲ ಬರೆಯುವಾಗಲೂ ಇದೇ ಎದುರಿಗಿತ್ತು.

ಮೇ ತಿಂಗಳಲ್ಲಿ ನೀನು ಬರುತ್ತೀಯೆಂದು ತಿಳಿದು ಅವ್ವ ನೆಲ ಸಾರಿಸಿದಳು. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದು, ಸೆರಗಿನಿಂದ ಒರೆಸಿ, ನನ್ನ ಮಂಚದ ಪಕ್ಕ ಹಾಕಿದಳು. ನೀನು ಹೊಂಗೆ ಮರದ ಕೆಳಗೇ ನಿಂತೆ. ಅಷ್ಟರಲ್ಲಿ ಮಳೆ ಶುರುವಾಯಿತು. ಅವ್ವ “ಒಳಕ್ ಬನ್ನಿ ತಾಯಿ, ನೆಂದೋಯ್ತೀರಿ” ಎಂದು ಕರೆದಳು. “ಬ್ಯಾಡ ಕಣವ್ವ, ಚಪ್ಲಿ ಕೆಸ್ರಾಗದೆ” ಎಂದೆ ನೀನು. ನಿಂತಲ್ಲಿಂದಲೇ ನನ್ನ ಕಾಲು ಹೇಗಿದೆ ಎಂದು ಕೂಗಿ ಕೇಳಿದೆ, ಎದುರು ನಿಲ್ಲುತ್ತೇನೆಂದು ಕೂಗಿ ಹೇಳಿದೆ, ಪೂರ್ತಿ ನೆನೆದು ಹೋದೆ. ನಮ್ಮ ಮನೆಯೊಳಗೆ ಬರುವುದಕ್ಕಿಂತ ನಿನಗೆ ಆ ಮಳೆಯೇ ವಾಸಿಯಾಯಿತು. ಅವ್ವ ಕುರ್ಚಿ ಹೊತ್ತುಕೊಂಡು ಹೋಗಿ ಕೊಟ್ಟು ಬಂದಳು. ನಲ್ಲಿಯ ಕೆಳಗೆ ನೀನು ಉಜ್ಜುತ್ತಿದ್ದದ್ದು ಏನನ್ನು ಎಂದು ಆಗ ನನಗೆ ತಿಳಿಯಿತು.

ಅವತ್ತು ಎದ್ದು ಬಂದು ಕೇಳಲು ನನಗೆ ಕಾಲಿರಲಿಲ್ಲ. ನಿನಗೆ ಎರಡೂ ಇದ್ದವು.

ಈಗ ಆ ಮರದವರೆಗೆ ನಾನೇ ನಡೆಯಬಲ್ಲೆ, ಆದರೆ ನಿನ್ನನ್ನು ಅಲ್ಲಿಗೆ ಬಂದು ನೋಡುವುದಿಲ್ಲ. ದೀಪಾವಳಿಗೆ ಬಂದಾಗ ಮೈದಾನಕ್ಕೆ ಹೋಗುವ ಮೊದಲು ನಮ್ಮ ಮನೆಗೆ ಬಾ, ಒಳಗೆ ಬಾ. ನಮ್ಮ ಒಲೆಯ ಬೂದಿಯನ್ನು ನೀನೇ ಮೊಗೆದುಕೊ, ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗೋಣ. ಅದು ಆಗದಿದ್ದರೆ ಮೈದಾನಕ್ಕೂ ಬರಬೇಡ. ಈರೋಡು ನನಗೆ ತಪ್ಪಿದರೆ ತಪ್ಪಲಿ.

ಕುರ್ಚಿ ಕೇಳಿ ತರುವುದು ಬೇಡವೆಂದು ಅವ್ವನಿಗೆ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಚಾಪೆಯಿದೆ.